ನಾಲ್ಕನೇ ಬೋರು, ಕೆಜಿಎಫ್ ಚಿನ್ನ, ಅಮ್ಮ ಹೇಳಿದ ದಾಮಾಷಾ: ಒಂದು ಆಪ್ತಸಲಹೆ ಪ್ರಕರಣ

ಕೋಲಾರ ಜಿಲ್ಲೆಯ ಒಬ್ಬ ರೈತರ ಪ್ರಕರಣ ಇದು. ಅವರೂ ಮನೆಯವರೂ ಒಪ್ಪಿದ ಮೇಲೇ ಬರೀತಿದೀನಿ, ಊರು ಹೆಸರು ಹಾಕಿಲ್ಲ, ಗುರುತು ಸಿಗೋಂಥ ವಿವರಗಳನ್ನ ಬದಲಾಯಿಸಿದೀನಿ. ನಾನು ಅವರನ್ನ ಮಾತಾಡಿಸ್ತಿದ್ದಿದ್ದು ಅಣ್ಣ ಅಂತ, ಇಲ್ಲೂ ಹಾಗೇ ಕರೀತೀನಿ.

ವಯಸ್ಸು ನಲವತ್ತು ದಾಟಿದೆ. ಮೂರು ಎಕರೆ ಚಿಲ್ಲರೆ ಜಮೀನು, ಹೆಂಡತಿ, ಪಿಯುಸಿ ಓದ್ತಿರೋ ಮಗ, ಸ್ಕೂಲಿಗೆ ಹೋಗೋ ಮಗಳು, ಜೊತೆಗೆ ವಯಸ್ಸಾದ ತಾಯಿ. ಟೊಮೆಟೊ ಬೆಳೆಯೋರು. ಮೂರು ಬೋರ್ ಕೊರೆಸಿದ್ದಾರೆ, ಎರಡರಲ್ಲಿ ಬರೀ ಧೂಳು, ಒಂದರಲ್ಲಿ ಸ್ವಲ್ಪ ನೀರು ಬಂತು, ಅದೂ ಬೇಸಿಗೇಲಿ ಅರ್ಧ ಗಂಟೆ ಬಂದು ನಿಲ್ಲುತ್ತೆ. ಕೊನೇದು ಸಾವಿರದ ಮುನ್ನೂರು ಅಡಿ ಹೋಗಿದೆ. ಬ್ಯಾಂಕಿನ ಬೆಳೆಸಾಲ, ಹೆಂಡತಿ ಹೆಸರಲ್ಲಿ ಸಂಘದ ಸಾಲ, ಊರಲ್ಲಿ ಕೈಸಾಲ, ಇಷ್ಟರ ಮೇಲೆ ನಾಲ್ಕನೇ ಬೋರ್ ಹಾಕಿಸಲೇಬೇಕು ಅಂತ ಹಟ. ಅದಕ್ಕೆ ಹೆಂಡತಿಯ ಸರ ಅಡ ಇಡಬೇಕು. ಆಯಮ್ಮ ಒಪ್ಪಲಿಲ್ಲ, ಮನೇಲಿ ಜಗಳ, ನಿದ್ದೆ ಇಲ್ಲ, ಕೊನೆಗೆ ತಮ್ಮನ ಜೊತೆ ಸೇರಿ ಇವರನ್ನ ನನ್ನ ಹತ್ರ ಕರ್ಕೊಂಡು ಬಂದ್ರು.

ಮೊದಲು ಮಾಡಬೇಕಾದ ಕೆಲಸ ಬೇರೆ ಇತ್ತು. ಸಾಲದಲ್ಲಿರೋ ರೈತ ನಿದ್ದೆ ಬಿಟ್ಟು ಕೂತಿದ್ದಾರೆ ಅಂದ್ರೆ ಸಾಯೋ ಯೋಚನೆ ಬಂದಿದೆಯಾ ಅಂತ ನೇರವಾಗೇ ಕೇಳ್ತೀನಿ, ಸುತ್ತಿ ಬಳಸಿ ಕೇಳಲ್ಲ. ಕೇಳಿದ್ರೆ ಇಲ್ಲದ ಯೋಚನೆ ತಲೆಗೆ ಹೋಗುತ್ತೆ ಅಂತ ಸುಮಾರು ಜನ ಹೆದರ್ತಾರೆ, ಹಾಗಾಗಲ್ಲ, ಕೇಳಿದ್ರೆ ಎದೆ ಭಾರ ಇಳಿಯುತ್ತೆ. ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದು "ಒಂದೊಂದ್ಸಲ ನಾನಿಲ್ದಿದ್ರೇ ಇವರಿಗೆ ವಾಸಿ ಅನ್ಸುತ್ತೆ ಮೇಡಂ" ಅಂದ್ರು. ಹೇಗೆ ಏನು ಅಂತ ಯೋಚನೆ ಮಾಡಿರಲಿಲ್ಲ. ಆದ್ರೂ ಅವತ್ತೇ ಮನೇಲಿದ್ದ ಔಷಧಿ ಡಬ್ಬಗಳನ್ನೆಲ್ಲಾ, ಅಂದ್ರೆ ಬೆಳೆಗೆ ಹೊಡಿಯೋ ಔಷಧಿ, ಭಾಮೈದ ಅವರ ಮನೆಗೆ ತಗೊಂಡು ಹೋಗಿ ಬೀಗ ಹಾಕಿಡೋದು ಅಂತ ಮಾತಾಯ್ತು, ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಗೆ ತೋರಿಸಿದ್ರು, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಗಂಡ ಹೆಂಡತಿ ಇಬ್ಬರ ಫೋನಲ್ಲೂ ಸೇವ್ ಮಾಡಿಸಿದೆ. ಅದು ಫ್ರೀ, ರಾತ್ರಿ ಎಷ್ಟೊತ್ತಾದ್ರೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಓದ್ತಿರೋರಲ್ಲಿ ಯಾರಿಗಾದ್ರೂ ಇಂಥ ಯೋಚನೆ ಬರ್ತಿದ್ರೆ ದಯವಿಟ್ಟು ಮುಂದಿನದೆಲ್ಲ ಆಮೇಲೆ ಓದಿ, ಮೊದಲು ಅಲ್ಲಿಗೆ ಫೋನ್ ಮಾಡಿ.

ಇನ್ನು ಈ ಪ್ರಕರಣ ಬರೀಬೇಕು ಅನ್ನಿಸಿದ್ದು ಯಾಕೆ ಅಂದ್ರೆ ಅಣ್ಣನ ಹಟಕ್ಕೆ ಗಾಳಿ ಹಾಕ್ತಿದ್ದಿದ್ದು ಇತಿಹಾಸ. ರಾತ್ರಿ ಎರಡು ಗಂಟೆ ತನಕ ಮೊಬೈಲಲ್ಲಿ ಮಹಾಪುರುಷರ ವಿಡಿಯೋ ನೋಡೋರು, ಒಂದೊಂದು ನಿಮಿಷದ ತುಣುಕುಗಳು, ಹಿಂದೆ ಜೋರಾಗಿ ಮ್ಯೂಸಿಕ್, ಸೋತರೂ ಬಿಡಲಿಲ್ಲ, ಕೊನೆಗೆ ಗೆದ್ದ, ಇಷ್ಟೇ. ಬೆಳಿಗ್ಗೆ ಎದ್ದ ತಕ್ಷಣ ಬೋರ್ ಗಾಡಿ ಏಜೆಂಟಿಗೆ ಫೋನ್. ಅವರು ನನಗೆ ಹೇಳಿದ್ದೂ ಅದನ್ನೇ, "ಮೇಡಂ, ಸರ್ ಎಂ.ವಿ. ನಮ್ಮ ಪಕ್ಕದ ಮುದ್ದೇನಹಳ್ಳಿಯೋರು, ಅವರು ಅರ್ಧಕ್ಕೆ ಬಿಟ್ಟಿದ್ರಾ? ಕೆಜಿಎಫ್ ಅಗೆದೋರು ಕಲ್ಲೇ ಸಿಗ್ತಿದೆ ಅಂತ ಮೇಲಕ್ಕೆ ಬಂದಿದ್ರೆ ಚಿನ್ನ ಸಿಕ್ತಿತ್ತಾ?" ಹುಡುಗಾಟಕ್ಕೆ ಕೇಳಿದ ಪ್ರಶ್ನೆ ಅಲ್ಲ ಅದು. ಅವರ ಸೋದರಮಾವ ಮೈನ್ಸಲ್ಲಿ ಕೆಲಸ ಮಾಡಿದೋರು, ಚಿಕ್ಕಂದಿನಿಂದ ಕೇಳಿಕೊಂಡು ಬೆಳೆದ ಕಥೆ.

ಅದು ಸುಳ್ಳು ಅಂತ ನಾನು ಹೇಳಲಿಲ್ಲ. ಇತಿಹಾಸದಿಂದ ಕಲೀಬೇಕು ಅನ್ನೋದು ಒಳ್ಳೇ ಬುದ್ಧಿ, ಅದನ್ನ ಕಿತ್ತುಕೊಂಡ್ರೆ ಆ ಮನುಷ್ಯನ ಕೈಲಿ ಇನ್ನೇನೂ ಉಳಿಯಲ್ಲ. "ಸರಿ ಅಣ್ಣ, ಕೆಜಿಎಫ್ ಕಥೇನೇ ಮಾತಾಡೋಣ, ಆದ್ರೆ ಪೂರ್ತಿ ಮಾತಾಡೋಣ" ಅಂದೆ.

ಪೂರ್ತಿ ಕಥೆ ಹೀಗಿದೆ. 1870ರ ದಶಕದಲ್ಲಿ ಲವೆಲ್ ಅನ್ನೋ ನಿವೃತ್ತ ಸೈನಿಕ ಸರ್ಕಾರದಿಂದ ಪರವಾನಗಿ ತಗೊಂಡು ಅಲ್ಲಿ ಅಗೆಯೋಕೆ ಶುರು ಮಾಡಿದ್ರು, ಬೆಂಗಳೂರಿನ ಲವೆಲ್ಲೆ ರೋಡ್ ಇದೆಯಲ್ಲ, ಅವರ ಹೆಸರೇ. ಕೈಲಿದ್ದ ದುಡ್ಡು ಸಾಲಲಿಲ್ಲ, ಹಕ್ಕನ್ನ ಬೇರೆಯೋರಿಗೆ ಬಿಟ್ಟುಕೊಟ್ಟು ಆಚೆ ಬಂದ್ರು. ಆಮೇಲೆ 1880ರಲ್ಲಿ ಮೈಸೂರ್ ಗೋಲ್ಡ್ ಮೈನಿಂಗ್ ಕಂಪನಿ ಬಂತು. ಅದರ ಬಂಡವಾಳವೂ ಹೆಚ್ಚುಕಮ್ಮಿ ಮುಗೀತು, ಲಂಡನ್ನಲ್ಲಿದ್ದ ಷೇರುದಾರರು ಮುಚ್ಚೋಣ ಅನ್ನೋ ಹಂತಕ್ಕೆ ಬಂದ್ರು, ಜಾನ್ ಟೇಲರ್ ಕಂಪನಿಯೋರು ಉಳಿದಿರೋ ದುಡ್ಡಲ್ಲಿ ಇನ್ನೊಂದ್ಸಲ ನೋಡೋಣ ಅಂತ ಒಪ್ಪಿಸಿ ಪ್ಲಮ್ಮರ್ ಅನ್ನೋ ಗಣಿ ಅನುಭವಿಯನ್ನ ಕಳಿಸಿದ್ರು. ಪ್ಲಮ್ಮರ್ ಎಲ್ಲೆಂದರಲ್ಲಿ ಅಗೆಯಲಿಲ್ಲ, ನಮ್ಮ ಹಳೇ ಕಾಲದೋರು ಅಗೆದು ಬಿಟ್ಟಿದ್ದ ಗುಂಡಿಗಳ ಜಾಡು ಹಿಡಿದು ಹೋದ್ರು, ಚಾಂಪಿಯನ್ ರೀಫ್ ಪಟ್ಟೆ ಸಿಕ್ತು. ಅಣ್ಣ ನೋಡಿದ ವಿಡಿಯೋ ಇಲ್ಲಿಗೆ ಮುಗಿಯುತ್ತೆ.

ಅದೇ ಹೊತ್ತಲ್ಲಿ ವಯನಾಡು ನೀಲಗಿರಿ ಕಡೆ ಚಿನ್ನ ಸಿಗುತ್ತೆ ಅಂತ ಹತ್ತಾರು ಕಂಪನಿಗಳು ಹುಟ್ಟಿಕೊಂಡು ಎರಡು ಮೂರು ವರ್ಷದಲ್ಲಿ ಜನರ ದುಡ್ಡೆಲ್ಲಾ ಮುಳುಗಿಸಿ ಮುಚ್ಚಿ ಹೋದವು. ಅಲ್ಲಿದ್ದೋರೂ ಛಲ ಬಿಡದೇನೇ ಅಗೆದಿದ್ರು, ಅವರ ಬಗ್ಗೆ ಯಾರೂ ವಿಡಿಯೋ ಮಾಡಲ್ಲ. ಇನ್ನು ಚಿನ್ನ ಸಿಕ್ಕ ಕೆಜಿಎಫ್ ಕಥೆಯೂ ಅಲ್ಲಿಗೆ ನಿಲ್ಲಲ್ಲ. 1902ರಲ್ಲಿ ಶಿವನಸಮುದ್ರದಿಂದ ಕರೆಂಟ್ ಬಂತು, ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದ್ರು, ಇಳಿದ ಹಾಗೆ ಶಾಖ ಜಾಸ್ತಿ, ಖರ್ಚು ಜಾಸ್ತಿ, ಕಲ್ಲಲ್ಲಿ ಸಿಗೋ ಚಿನ್ನ ಕಮ್ಮಿ. ಎಷ್ಟೋ ವರ್ಷ ನಷ್ಟದಲ್ಲೇ ನಡೆಸಿ 2001ರ ಫೆಬ್ರವರಿ 28ಕ್ಕೆ ಮುಚ್ಚಿದ್ರು. ಕೆಳಗೆ ಚಿನ್ನ ಇರಲಿಲ್ಲ ಅಂತಲ್ಲ, ತೆಗೆಯೋ ಖರ್ಚು ಚಿನ್ನದ ಬೆಲೆಗಿಂತ ಜಾಸ್ತಿ ಆಗಿತ್ತು.

ಇಲ್ಲಿಗೆ ಬಂದಾಗ ಅಣ್ಣ ತಲೆ ಬಗ್ಗಿಸಿ ಕೂತಿದ್ರು. ಸಾವಿರದ ಮುನ್ನೂರು ಅಡಿಯಿಂದ ಮೋಟ್ರು ಎತ್ತೋ ನೀರಲ್ಲಿ ಬೆಳೆದ ಟೊಮೆಟೊ ಬಾಕ್ಸು ಎಪಿಎಂಸಿಲಿ ನೂರು ರೂಪಾಯಿಗೆ ಹೋದ ದಿನ ಅವರಿಗೆ ನೆನಪಿರುತ್ತಲ್ಲ, ನಾನೇನೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಆಮೇಲೆ ಅವರ ಸೋದರಮಾವನ ಬಗ್ಗೆ ಕೇಳಿದೆ, ಮುಚ್ಚಿದ ಮೇಲೆ ಏನು ಮಾಡಿದ್ರು? ಮಾವ ಇನ್ನೇನು ಮೈನ್ಸ್ ತೆಗೀತಾರೆ ಅಂತ ಸುಮಾರು ವರ್ಷ ಕಾಯ್ತಾ ಕೂತ್ರಂತೆ, ಅತ್ತೆ ಮಾತ್ರ ಬೆಳಗಿನ ಜಾವ ಮಾರಿಕುಪ್ಪಂ ಟ್ರೇನ್ ಹತ್ತಿ ಬೆಂಗಳೂರಿಗೆ ಗಾರ್ಮೆಂಟ್ಸಿಗೆ ಹೋಗಿ ಬಂದು ಮಕ್ಕಳನ್ನ ಓದಿಸಿದ್ರಂತೆ. ಆ ಟ್ರೇನಲ್ಲಿ ಇವತ್ತಿಗೂ ಸಾವಿರಾರು ಜನ ದಿನಾ ಹೋಗಿ ಬರ್ತಾರೆ. ಅಣ್ಣ ಇದನ್ನ ಹೇಳ್ತಾ ಹೇಳ್ತಾ ತಾವೇ ನಿಲ್ಲಿಸಿದ್ರು, ನಾನೂ ಮುಂದಕ್ಕೆ ಎಳೆಯಲಿಲ್ಲ.

ಸರ್ ಎಂ.ವಿ. ಬಗ್ಗೆ ಜಾಸ್ತಿ ಹೇಳೋ ಅಗತ್ಯ ಬರಲಿಲ್ಲ. ಬಿಡದೇ ಇದ್ದೋರು ಅಂತ ಅಣ್ಣ ಅಂದುಕೊಂಡಿದ್ದ ಆ ವ್ಯಕ್ತಿ ಬೊಂಬಾಯಿ ಸರ್ಕಾರದ ಒಳ್ಳೇ ಕೆಲಸ ಬಿಟ್ಟು 1908ರಲ್ಲಿ ಆಚೆ ಬಂದೋರು, 1918ರಲ್ಲಿ ದಿವಾನಗಿರಿಗೂ ರಾಜೀನಾಮೆ ಕೊಟ್ಟೋರು. ಹೈದರಾಬಾದಿನ ಮೂಸಿ ಪ್ರವಾಹದ ಕೆಲಸ, ಕನ್ನಂಬಾಡಿ ಕಟ್ಟೆ, ಇವೆಲ್ಲಾ ಮೊದಲನೇ ಸಲ ಬಿಟ್ಟು ಬಂದ ಮೇಲೆ ಆಗಿದ್ದು. ದಿವಾನಗಿರಿ ಬಿಟ್ಟ ಮೇಲೂ ಭದ್ರಾವತಿ ಕಬ್ಬಿಣದ ಕಾರ್ಖಾನೆ ನಷ್ಟದಲ್ಲಿದ್ದಾಗ ಹೋಗಿ ನಿಂತ್ರು. ಒಂದು ಜಾಗ ಬಿಟ್ಟೋರು ಬದುಕನ್ನೇ ಬಿಟ್ಟ ಹಾಗಲ್ಲ ಅಂತ ನಾನು ಹೇಳಿದಾಗ ಹೆಂಡತಿ ಮೊದಲನೇ ಸಲ ಮುಖ ಎತ್ತಿ ನೋಡಿದ್ರು.

ದೊಡ್ಡೋರ ಕಥೆ ಇಷ್ಟು ಸಾಕು ಅನ್ನಿಸ್ತು, ಯಾಕಂದ್ರೆ ನನ್ನ ನಂಬಿಕೆ ಏನಂದ್ರೆ ಮನುಷ್ಯನಿಗೆ ತುಂಬಾ ಹತ್ತಿರದ ಇತಿಹಾಸ ಅಂದ್ರೆ ಅವನ ಮನೇದು, ಅವನ ಹೊಲದ್ದು, ಅದನ್ನ ಯಾರೂ ಕೇಳಲ್ಲ. ಅಣ್ಣನಿಗೆ ಒಂದು ಕೆಲಸ ಕೊಟ್ಟೆ. ಅಮ್ಮನ ಹತ್ರ ಕೂತು ನಿಮ್ಮ ಜಮೀನಿನ ನೀರಿನ ಕಥೆ ಬರ್ಕೊಂಡು ಬನ್ನಿ, ತಾತನ ಕಾಲದಿಂದ, ಯಾವಾಗ ನೀರು ಎಲ್ಲಿತ್ತು, ಕಮ್ಮಿ ಆದಾಗ ಯಾರು ಏನು ಮಾಡಿದ್ರು, ಸರಿ ಮಾಡಿದ್ರಾ ತಪ್ಪು ಮಾಡಿದ್ರಾ ಅಂತ ಬರೀಬೇಡಿ, ಏನು ಮಾಡಿದ್ರು ಅಷ್ಟೇ ಬರೀರಿ. ಮಗನ ನೋಟ್‌ಬುಕ್ಕಲ್ಲಿ ಬರ್ಕೊಂಡು ಬಂದ್ರು, ಅಕ್ಷರ ಮಗಂದೇ, ಅಜ್ಜಿ ಹೇಳ್ತಿದ್ರು ಅವನು ಬರೀತಿದ್ದನಂತೆ, ಮನೆಯೋರೆಲ್ಲಾ ಸುತ್ತ ಕೂತು ಕೇಳಿದ್ರಂತೆ.

ಅದರಲ್ಲಿ ಇದ್ದಿದ್ದು: ತಾತನ ಕಾಲದಲ್ಲಿ ಕೆರೆ ಅಚ್ಚುಕಟ್ಟಲ್ಲಿ ಸ್ವಲ್ಪ ಗದ್ದೆ, ಮೇಲೆ ಹೊಲದಲ್ಲಿ ಎತ್ತು ಕಟ್ಟಿ ನೀರೆತ್ತೋ ಕಪಿಲೆ ಬಾವಿ. ಕೆರೆ ತುಂಬದ ವರ್ಷ ಗದ್ದೆಗಳಿಗೆ ನೀರು ಬಿಡೋ ನೀರುಗಂಟಿ, ಊರಿನ ಯಜಮಾನರು ಎಲ್ಲಾ ಕಟ್ಟೆ ಮೇಲೆ ಸೇರಿ, ಈಗ ಇರೋ ನೀರಿಗೆ ಇಷ್ಟೇ ಗದ್ದೆ ನಾಟಿ ಮಾಡೋದು ಅಂತ ಬಿತ್ತೋಕೆ ಮುಂಚೇನೇ ತೀರ್ಮಾನ ಮಾಡೋರು. ತೂಬಿನ ಹತ್ತಿರದ ಗದ್ದೆಗಳನ್ನಷ್ಟೇ ಇಟ್ಟುಕೊಂಡು ಯಾರಿಗೆ ಎಷ್ಟು ಜಮೀನಿದೆಯೋ ಆ ಲೆಕ್ಕದಲ್ಲಿ ಎಲ್ಲರಿಗೂ ಒಂದೊಂದು ಪಾಲು. ಇದಕ್ಕೆ ದಾಮಾಷಾ ಅನ್ನೋರು. ಯಾರದೇ ಜಮೀನಿದ್ರೂ ಆ ವರ್ಷ ಕೆಳಗಿನ ಗದ್ದೆ ಬೀಳು. ಬೆಳೆ ಒಣಗೋವಾಗ ತೂಬಿನ ಹತ್ರ ನಿಂತು ಕಿತ್ತಾಡೋ ಬದಲು ತಲೆ ತಣ್ಣಗಿರೋವಾಗ ಮಾತಾಡಿ ಮುಗಿಸೋ ಪದ್ಧತಿ.

ಇನ್ನೊಂದು ಅಂಗಳದ ಹಗೇವು. ಅಮ್ಮನ ಅತ್ತೆ ಕಾಲದಲ್ಲಿ ನೆಲದೊಳಗೆ ರಾಗಿ ತುಂಬಿಸಿ ಮುಚ್ಚೋರು, ಎಷ್ಟೋ ವರ್ಷ ಕೆಡ್ತಿರಲಿಲ್ಲ, ಮಳೆ ಕೈಕೊಟ್ಟ ವರ್ಷ ಮಾತ್ರ ತೆಗೆಯೋದು, ಬಿತ್ತನೆ ರಾಗಿಯನ್ನಂತೂ ಎಂಥ ಕಷ್ಟದಲ್ಲೂ ಮುಟ್ಟೋ ಹಾಗಿಲ್ಲ. ನಮ್ಮ ಕಡೆ ಹಿರಿಯರಿಗೆ ಈ ಜಿಗುಟು ಯಾಕಿತ್ತು ಅಂತ ಮಗನಿಗೆ ಹೇಳೋಕೆ ಒಂದು ಲೆಕ್ಕ ಕೊಟ್ಟೆ. ಮೈಸೂರು ಸಂಸ್ಥಾನದಲ್ಲಿ 1871ರ ಗಣತೀಲಿ 50 ಲಕ್ಷ ದಾಟಿದ್ದ ಜನ 1881ಕ್ಕೆ 42 ಲಕ್ಷಕ್ಕೂ ಕಮ್ಮಿ ಆಗಿದ್ರು, ನಡುವೆ 1876ರಿಂದ 78ರ ಧಾತು ಈಶ್ವರ ಬರ. ಕೋಲಾರ ಸೀಮೆ ಆ ಬರದಲ್ಲಿ ತುಂಬಾ ನಲುಗಿದ ಜಾಗ. ಅಂಥದ್ದನ್ನ ದಾಟಿ ಉಳಿದೋರ ಮೊಮ್ಮಕ್ಕಳ ಮಕ್ಕಳೇ ನಾವೆಲ್ಲಾ.

ಆದ್ರೆ ನೋಟ್‌ಬುಕ್ಕಲ್ಲಿ ಅಣ್ಣನನ್ನ ಅಲುಗಾಡಿಸಿದ್ದು ಬೇರೆ ಪುಟ, ಅವರಪ್ಪಂದು. ಅಪ್ಪ ಅಂದ್ರೆ ಇವರಿಗೆ ಒಳಗೊಳಗೇ ಸಿಟ್ಟಿತ್ತು. ಅಕ್ಕಪಕ್ಕದೋರೆಲ್ಲಾ ಬೋರ್ ಹಾಕಿಸಿ ದ್ರಾಕ್ಷಿ, ಟೊಮೆಟೊ ಅಂತ ದುಡೀತಿದ್ದಾಗ ಅಪ್ಪ ಬಾವಿ ಬತ್ತಿದ ಮೇಲೆ ಒಂದು ಬೋರ್ ಹಾಕಿಸಿ, ಅದು ಫೇಲಾದ ಮೇಲೆ ಕೈಬಿಟ್ಟು ಎರಡು ಸೀಮೆ ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕ್ಕೊಂಡು, ರಾಗಿ ಅವರೆ ಬೆಳ್ಕೊಂಡು ಇದ್ದುಬಿಟ್ರು. "ಕೈಲಾಗದ ಮನುಷ್ಯ" ಅಂತ ಊರಲ್ಲಿ ಆಡ್ಕೊಂಡಿದ್ದನ್ನ ಈ ಹುಡುಗ ಕೇಳಿಸ್ಕೊಂಡು ಬೆಳೆದಿದ್ದ. ಅಪ್ಪ ಬಿಟ್ಟಿದ್ದನ್ನ ನಾನು ಮಾಡಿ ತೋರಿಸ್ತೀನಿ ಅನ್ನೋದು ಮೂರು ಬೋರಿನ ಹಿಂದೆಯೂ ಇತ್ತು, ಅದು ನನಗೂ ನೋಟ್‌ಬುಕ್ ಬಂದ ಮೇಲೇ ಪೂರ್ತಿ ಕಂಡಿದ್ದು. ಅಮ್ಮ ಬರೆಸಿದ್ದೇನು ಅಂದ್ರೆ, ಆ ಒಂದು ಬೋರಿಗೆ ಮುಂಚೆ ಅಪ್ಪ ಅವರಿಗೆ ಹೇಳಿದ್ರಂತೆ, ಎತ್ತು ಮಾರಿದ ದುಡ್ಡು ಮಾತ್ರ ಇದಕ್ಕೆ, ಅದು ಮುಗಿದ್ರೆ ಮುಗೀತು, ನಿನ್ನ ಒಡವೆ ಮುಟ್ಟಲ್ಲ, ಜಮೀನು ಪತ್ರ ಮುಟ್ಟಲ್ಲ. ದುಡ್ಡು ಮುಗೀತು, ಬಿಟ್ರು. ಆ ಹಾಲಿನ ದುಡ್ಡಲ್ಲೇ ಅಕ್ಕನ ಮದುವೆ, ಇವರ ಐಟಿಐ ಫೀಸು. ದ್ರಾಕ್ಷಿ ಹಾಕಿದ್ದ ಪಕ್ಕದೋರ ಜಮೀನು ಇವತ್ತು ಬೇರೆಯೋರ ಕೈಲಿದೆ.

ಅಣ್ಣ ನನ್ನ ಮುಂದೆ ಅತ್ತುಬಿಟ್ರು. ಅಪ್ಪ ತೀರಿಕೊಂಡು ವರ್ಷಗಳಾಗಿವೆ, ಕೇಳೋಕೂ ಆಗಲ್ಲ ಹೇಳೋಕೂ ಆಗಲ್ಲ. ಅವತ್ತು ಸಲಹೆ ಗಿಲಹೆ ಏನೂ ಕೊಡಲಿಲ್ಲ, ಅಪ್ಪನ ಬಗ್ಗೇನೇ ಮಾತಾಡ್ತಾ ಕೂತ್ವಿ. ದುಃಖ ಬಂದಾಗ ಅದಕ್ಕೆ ಜಾಗ ಕೊಡಬೇಕು, ಅದರ ಮೇಲೆ ಬುದ್ಧಿವಾದ ಸುರಿಯಬಾರದು.

ಆಮೇಲಿನ ಭೇಟಿಗಳಲ್ಲಿ ಕೊಟ್ಟ ಸಲಹೆ ಬರೀತೀನಿ, ಬೇರೆಯೋರಿಗೂ ಉಪಯೋಗಕ್ಕೆ ಬರಬಹುದು. ಬೋರ್ ಹಾಕಿಸಲೇಬೇಡಿ ಅಂತ ನಾನು ಹೇಳಲಿಲ್ಲ, ಅದು ಅವರ ಜಮೀನು, ಅವರ ತೀರ್ಮಾನ. ಅಪ್ಪ ಮಾಡಿದ ಹಾಗೆ, ಕಟ್ಟೆ ಮೇಲೆ ಊರೋರು ಮಾಡ್ತಿದ್ದ ಹಾಗೆ, ಮೊದಲೇ ಮಿತಿ ಹಾಕ್ಕೊಳ್ಳಿ ಅಂದೆ. ಗಾಡಿ ಹೊಲಕ್ಕೆ ಬಂದು ನಿಂತು ಕಲ್ಲುಪುಡಿ ಹಾರ್ತಿರೋವಾಗ, ಅಡಿಗಿಷ್ಟು ಅಂತ ದುಡ್ಡು ತಗೊಳ್ಳೋರು ಪಕ್ಕದಲ್ಲಿ ನಿಂತು "ಇನ್ನೊಂದು ನೂರಡಿ ನೋಡೋಣ ಯಜಮಾನ್ರೇ, ತೇವ ಕಾಣಿಸ್ತಿದೆ" ಅನ್ನೋವಾಗ ಯಾರ ಬುದ್ಧಿಯೂ ನೆಟ್ಟಗಿರಲ್ಲ. ಅದಕ್ಕೇ ಯಾವ ದುಡ್ಡು, ಎಷ್ಟು ದುಡ್ಡು, ಎಷ್ಟು ಅಡಿ, ಯಾವುದನ್ನ ಮುಟ್ಟೋ ಹಾಗಿಲ್ಲ ಅಂತ ಗಂಡ ಹೆಂಡತಿ ಇಬ್ರೂ ಕೂತು ಪೇಪರ್ ಮೇಲೆ ಬರೆದು ಸೈನ್ ಹಾಕಿ, ಪೇಪರ್ ಹೆಂಡತಿ ಹತ್ರ ಇರಬೇಕು. ಇನ್ನೊಂದು, ಅವರ ತಾಲ್ಲೂಕು ಅಂತರ್ಜಲ ಅತಿಯಾಗಿ ಬಳಕೆ ಆಗಿದೆ ಅಂತ ಸರ್ಕಾರ ಗುರುತಿಸಿರೋ ಜಾಗ, ಹೊಸ ಬೋರಿಗೆ ಅನುಮತಿ ಬೇಕು, ತೆಂಗಿನಕಾಯಿ ಹಿಡಿದು ಪಾಯಿಂಟ್ ತೋರಿಸೋರಿಗೆ ಮುಂಚೆ ಅಂತರ್ಜಲ ಇಲಾಖೆಗೆ ಹೋಗಿ ಬನ್ನಿ ಅಂದೆ. ಪ್ಲಮ್ಮರ್ ಹಳೇ ಗುಂಡಿ ನೋಡಿದ ಹಾಗೆ ನೀವೂ ಸುತ್ತಮುತ್ತಲಿನ ಫೇಲಾದ ಬೋರುಗಳ ಲೆಕ್ಕ ತಗೊಳ್ಳಿ ಅಂದಿದ್ದಕ್ಕೆ ಅಣ್ಣ ಬೈಕಲ್ಲಿ ಸುತ್ತಿ ಪಟ್ಟಿ ಮಾಡ್ಕೊಂಡು ಬಂದ್ರು, ಆ ಪಟ್ಟಿ ನನ್ನ ಯಾವ ಮಾತಿಗಿಂತಲೂ ಜಾಸ್ತಿ ಕೆಲಸ ಮಾಡ್ತು.

ಸಾಲಗಳನ್ನೆಲ್ಲಾ ಒಂದೇ ಹಾಳೇಲಿ ಬರೆಸಿದೆ, ಬಡ್ಡಿ ಜಾಸ್ತಿ ಇರೋದು ಮೇಲೆ. ಎರಡು ಕೈಸಾಲ ಹೆಂಡತಿಗೇ ಗೊತ್ತಿರಲಿಲ್ಲ, ಅವತ್ತು ಗೊತ್ತಾಯ್ತು, ಒಂದು ವಾರ ಮಾತು ಬಿಟ್ರಂತೆ, ಅದು ಸಹಜ. ಬ್ಯಾಂಕಿಗೆ ತಪ್ಪಿಸಿಕೊಂಡು ಓಡಾಡೋದು ಬಿಟ್ಟು ನೇರ ಹೋಗಿ ಕಂತಿನ ಅವಧಿ ಬದಲಾಯಿಸೋಕೆ ಕೇಳಿ ಅಂದೆ, ಬೆಳೆ ವಿಷಯಕ್ಕೆ ರೈತ ಸಂಪರ್ಕ ಕೇಂದ್ರಕ್ಕೆ ಕಳಿಸಿದೆ, ಅದು ನನ್ನ ವಿದ್ಯೆ ಅಲ್ಲ. ರಾತ್ರಿ ಮೊಬೈಲ್ ಅಡುಗೆಮನೇಲಿ ಚಾರ್ಜಿಗೆ, ಮಲಗೋ ರೂಮಿಗೆ ಇಲ್ಲ.

ವಿಡಿಯೋ ನೋಡೋದನ್ನ ಪೂರ್ತಿ ಬಿಡಿಸೋಕೆ ಹೋಗಲಿಲ್ಲ. ಇತಿಹಾಸದ ಮೇಲೆ ಅವರಿಗೆ ನಿಜವಾದ ಪ್ರೀತಿ ಇದೆ. ಯಾವ ಕಥೆ ನೋಡಿದ್ರೂ ಮಗನ ಜೊತೆ ಕೂತು ನೋಡಿ, ಆಗ ಆ ಮನುಷ್ಯನ ಕೈಲಿ ಏನಿತ್ತು, ಯಾರ ದುಡ್ಡು ಪಣಕ್ಕಿಟ್ರು, ಅದೇ ಕೆಲಸ ಮಾಡಿ ಸೋತೋರು ಯಾರು, ಯಾವುದನ್ನ ಬಿಟ್ರು ಅಂತ ಇಬ್ರೂ ಮಾತಾಡಿ ಅಂದೆ. ಗೆದ್ದ ದಿನ ನೋಡಿ ನಕಲು ಮಾಡೋಕಾಗಲ್ಲ, ಅದು ಯಾರ ಕೈಲೂ ಇಲ್ಲ. ಮುಂದೇನಾಗುತ್ತೋ ಗೊತ್ತಿಲ್ಲದ ಹೊತ್ತಲ್ಲಿ ಅವರು ಹೇಗೆ ಯೋಚನೆ ಮಾಡಿದ್ರು ಅನ್ನೋದನ್ನ ಮಾತ್ರ ಕಲೀಬಹುದು, ನಾವೂ ದಿನಾ ಅದೇ ಹೊತ್ತಲ್ಲೇ ಇರೋದಲ್ವಾ.

ಸದ್ಯದ ಸ್ಥಿತಿ ಹೇಳ್ಬೇಕಂದ್ರೆ, ಸರ ಅಡಕ್ಕೆ ಹೋಗಿಲ್ಲ. ಇರೋ ಸ್ವಲ್ಪ ನೀರಿಗೆ ಅರ್ಧ ಎಕರೆ ಹಿಪ್ಪುನೇರಳೆ ಹನಿ ನೀರಾವರೀಲಿ ಇಟ್ಟಿದ್ದಾರೆ, ಉಳಿದಿದ್ದಕ್ಕೆ ರಾಗಿ. ಒಂದು ಹಸು ಬಂದಿದೆ, ಎರಡನೇದು ಕೈಸಾಲ ತೀರಿದ ಮೇಲೆ ಅಂತ ಹೆಂಡತಿ ಖಡಕ್ಕಾಗಿ ಹೇಳಿದ್ದಾರೆ. ಮಾತ್ರೆ ಇನ್ನೂ ನಡೀತಿದೆ, ನಿದ್ದೆ ಪರವಾಗಿಲ್ಲ. ಸಾಲ ಪೂರ್ತಿ ತೀರೋಕೆ ವರ್ಷಗಳು ಬೇಕು. ಕೆ.ಸಿ. ವ್ಯಾಲಿ ನೀರು, ಅಂದ್ರೆ ಬೆಂಗಳೂರಲ್ಲಿ ಶುದ್ಧ ಮಾಡಿ ಕೋಲಾರದ ಕೆರೆಗಳಿಗೆ ಬಿಡೋ ಕೊಳಚೆ ನೀರು, ನಮ್ಮೂರ ಕೆರೆಗೂ ಬಂದ್ರೆ ಬೋರ್ ವಿಷಯ ಮತ್ತೆ ತೆಗೀತೀನಿ ಅಂತ ಅಣ್ಣ ಅಂತಾರೆ, ತೆಗೀರಿ, ಪೇಪರ್ ಇಟ್ಕೊಂಡೇ ತೆಗೀರಿ ಅಂತ ನಾನಂದಿದೀನಿ. ಈಗ ಮನೇಲಿ ಹೊಸ ಮಾತು ಶುರುವಾಗಿದೆ, ಮಗ ಪಿಯುಸಿ ಆದ ಮೇಲೆ ಊರಲ್ಲಿರಬೇಕಾ ಬೆಂಗಳೂರಿಗೆ ಹೋಗಬೇಕಾ ಅಂತ, ಮುಂದಿನ ಭೇಟಿಗೆ ಅವನನ್ನೂ ಕರ್ಕೊಂಡು ಬರ್ತಿದ್ದಾರೆ.